ಒಂದೇ ರಕ್ತದವರು

ಮಾರ್ಚ್ 3, ಮಂಗಳವಾರ

ಮಗು ನಿನ್ನೆ ಬೆಳಗ್ಗೆ ಹುಟ್ಟಿತು. ಹೆಣ್ಣು. ಸಂಜೆಯೊಳಗೆ ಹಣೆ ಹಳದಿಯಾಯಿತು, ಆಮೇಲೆ ಎದೆ, ಆಮೇಲೆ ಹೊಟ್ಟೆ. ನೆತ್ತಿಯ ಮೇಲೆ ಯಾರೋ ನಿಂಬೆರಸ ಸುರಿದು ಅದು ನಿಧಾನಕ್ಕೆ ಕೆಳಗಿಳಿದ ಹಾಗೆ. ಎದೆಗೆ ಹಾಕಿಕೊಂಡಿದ್ದೆನಷ್ಟೆ, ನರ್ಸ್ ಬಂದು ಎತ್ತಿಕೊಂಡು ಹೋದಳು.

ಇವತ್ತು ಮಕ್ಕಳ ಡಾಕ್ಟರು ಸ್ಟೂಲು ಎಳೆದುಕೊಂಡು ನನ್ನ ಹಾಸಿಗೆಯ ಪಕ್ಕ ಕೂತರು. ಡಾಕ್ಟರು ನಿಂತು ಮಾತಾಡಿದರೆ ಒಳ್ಳೆಯ ಸುದ್ದಿ, ಕೂತು ಮಾತಾಡಿದರೆ ಕೆಟ್ಟದ್ದು. ಈ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

"ನಿಮ್ಮ ರಕ್ತ ನೆಗೆಟಿವ್ವು, ಮಗೂದು ಪಾಸಿಟಿವ್ವು. ನಿಮ್ಮ ರಕ್ತ ಮಗು ರಕ್ತಾನ ಹೊರಗಿನೋರು ಅಂದ್ಕೊಂಡು ಒಡೆದು ಹಾಕ್ತಿದೆ. ಒಡೆದಿದ್ದೇ ಈ ಹಳದಿ. ಅದು ಮಿದುಳಿಗೆ ಹೋಗದ ಹಾಗೆ ನೋಡ್ಕೋಬೇಕು."

"ನನ್ನ ರಕ್ತಾನೇ?"

"ಬೇಕು ಅಂತ ಮಾಡೋದಲ್ಲಮ್ಮ. ಮುಂಚೆ ಒಂದು ಬಸಿರು ನಾಲ್ಕನೇ ತಿಂಗಳಲ್ಲಿ ಹೋಯ್ತು ಅಂದ್ರಲ್ಲ, ಆಗ ಆ ಮಗೂದು ಒಂಚೂರು ರಕ್ತ ನಿಮ್ಮ ಮೈಗೆ ಸೇರಿರುತ್ತೆ. ನಿಮ್ಮ ರಕ್ತ ಅವಾಗ್ಲೇ ಹಗೆ ಕಲ್ತಿದೆ, ಒಂದ್ಸಲ ಕಲ್ತ್ರೆ ಮರೆಯಲ್ಲ. ಕಲೀಬಾರ್ದು ಅಂತಾನೇ ಒಂದು ಇಂಜೆಕ್ಷನ್ ಇದೆ. ಕೊಡ್ಲಿಲ್ವಾ?"

"ಇಲ್ಲ. ಇವರದೂ ನೆಗೆಟಿವ್ ಅಂತ ಇವರು ಹೇಳಿದ್ರು. ಹಾಗಾದ್ರೆ ಇಂಜೆಕ್ಷನ್ ಬೇಡ ಅಂದ್ರು ಆಗಿನ ಡಾಕ್ಟರು."

ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಇಬ್ರೂ ನೆಗೆಟಿವ್ ಆಗಿದ್ರೆ ಪಾಸಿಟಿವ್ ಮಗು ಹುಟ್ಟೋ ಮಾತೇ ಇಲ್ಲ. ಯಜಮಾನ್ರ ರಕ್ತ ಇನ್ನೊಂದು ಸಲ ನೋಡ್ಸಿ."

ಬಾಗಿಲಲ್ಲಿ ನನ್ನ ಅತ್ತೆ ಹಾಲಿನ ಫ್ಲಾಸ್ಕು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ನಿವೃತ್ತ ಹೆಡ್ಮಿಸ್ಸು, ಬೀದಿಯೆಲ್ಲ ಅವರನ್ನು ದೊಡ್ಡ ಮಿಸ್ಸು ಅನ್ನುತ್ತದೆ. ಫ್ಲಾಸ್ಕು ಮೇಜಿನ ಮೇಲಿಟ್ಟು ಹೋದರು.

ಮಾರ್ಚ್ 4

ಇವತ್ತು ಮಗುವಿನ ರಕ್ತವನ್ನೇ ಬದಲಾಯಿಸಿದರು. ಹೊಕ್ಕುಳಿಗೆ ಸಣ್ಣ ನಳಿಗೆ ಇಟ್ಟು, ಒಂದಿಷ್ಟು ಹಳೆಯದು ತೆಗೆಯುವುದು, ಒಂದಿಷ್ಟು ಹೊಸದು ಹಾಕುವುದು. ಬೆಳಗ್ಗೆಯೆಲ್ಲ ಅದೇ. ಕೆರೆಯ ನೀರನ್ನು ಚಮಚದಲ್ಲಿ ಬದಲಾಯಿಸಿದ ಹಾಗೆ.

ನಾವು ಮೂವರೂ ಹೊರಗೆ ಕಬ್ಬಿಣದ ಕುರ್ಚಿಗಳಲ್ಲಿ ಕೂತಿದ್ದೆವು. ಇವರದು ಪೀಠೋಪಕರಣದ ಅಂಗಡಿ. ಎಲ್ಲಿ ಕೂತರೂ ಕುರ್ಚಿಯ ಬೆಸುಗೆ ನೋಡುತ್ತಾರೆ. ಇವತ್ತೂ ನೋಡುತ್ತಿದ್ದರು. ಆಗ ದೊಡ್ಡ ಮಿಸ್ಸು ಬಾಯಿ ತೆಗೆದಳು.

"ಡಾಕ್ಟರು ಹೇಳಿದ್ದು ನಾನೂ ಕೇಳಿಸ್ಕೊಂಡೆ. ನಂದು ನೆಗೆಟಿವ್ವು. ನಮ್ಮ ಯಜಮಾನ್ರದೂ ನೆಗೆಟಿವ್ವೇ ಇತ್ತು. ನನ್ನ ಮಕ್ಕಳದು ಇನ್ನೇನಾಗಿರುತ್ತೆ? ಇಬ್ರು ನೆಗೆಟಿವ್‌ಗೆ ಪಾಸಿಟಿವ್ ಹುಟ್ಟಲ್ವಂತೆ. ಮತ್ತೆ ಇದು ಎಲ್ಲಿಂದ ಬಂತು?"

"ಏನು ಮಾತು ಅತ್ತೆ ಇದು?"

"ಪ್ರಶ್ನೆ ಕೇಳ್ದೆ. ಉತ್ತರ ನಿಂಗೆ ಗೊತ್ತಿರ್ಬೇಕು. ದಿನಾ ಸಾವಿರ ಜನ ಬಂದು ಹೋಗೋ ಜಾಗದಲ್ಲಿ ಕೆಲಸ. ಆ ಕಂಟ್ರೋಲರ್ ಬೇರೆ ನಿನ್ನೆ ಕಿತ್ತಳೆಹಣ್ಣು ಹೊತ್ಕೊಂಡು ಬಂದಿದ್ನಲ್ಲ."

ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಬಸ್ಸುಗಳು ಬಂದದ್ದು, ಹೊರಟದ್ದು, ತಡವಾದದ್ದು, ಎಲ್ಲಾ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕು. ಕಂಟ್ರೋಲರ್ ಇನ್ನೇನು ನಿವೃತ್ತಿಗೆ ಬಂದವರು, ಎರಡೂ ಕಿವಿ ಮಂದ. ನಾನು ಮೈಕಿನಲ್ಲಿ ಕೂಗಿದರೂ ಅವರಿಗೆ ಕೇಳಿಸುವುದಿಲ್ಲ. ಅವರ ಜೊತೆ ನನ್ನ ಗುಟ್ಟಿನ ಸಂಸಾರವಂತೆ!

ನಗು ಬರಬೇಕಿತ್ತು. ನಾನು ಇವರ ಮುಖ ನೋಡಿದೆ. ಇವರು ಕುರ್ಚಿಯ ಬೆಸುಗೆ ನೋಡಿದರು.

ಒಳಗೆ ನನ್ನ ಮಗು ಚಮಚ ಚಮಚವಾಗಿ ಬದುಕುತ್ತಿರುವಾಗ ಆಡಿದ ಮಾತು ಇದು. ಎಲುಬಿಲ್ಲದ ನಾಲಗೆ, ಆಡಿತು. ಆಡಲಿ. ನನ್ನ ರಕ್ತ ಒಂದು ಸಲ ಹಗೆ ಕಲಿತರೆ ಮರೆಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ.

ಮಾರ್ಚ್ 6

ಮೈಕಿನಲ್ಲಿ ಹೀಗೆ ಹೇಳಬೇಕು: ಪ್ರಯಾಣಿಕರ ಗಮನಕ್ಕೆ. ಎರಡನೇ ಅಂಕಣದಲ್ಲಿ ಕಪ್ಪು ಛತ್ರಿ ಹಿಡಿದು ನಿಂತಿರುವ ದೊಡ್ಡ ಮಿಸ್ಸು ಎಂಬುವರು ತಮ್ಮ ಸೊಸೆಯ ಮಾನ ಹರಾಜು ಹಾಕಿರುತ್ತಾರೆ. ದಯವಿಟ್ಟು ಯಾರೂ ಅವರಿಗೆ ಸೀಟು ಬಿಡಬಾರದಾಗಿ ವಿನಂತಿ.

ಎರಡು ಸಲ ಹೇಳಬೇಕು. ಎಲ್ಲ ಪ್ರಕಟಣೆಯನ್ನೂ ಎರಡು ಸಲ ಹೇಳುವುದು ನಿಯಮ.

ಮಾರ್ಚ್ 9

ಮಗು ಇನ್ನೂ ನೀಲಿ ಲೈಟಿನ ಕೆಳಗಿದೆ. ಕಣ್ಣಿಗೆ ಕಪ್ಪು ಪಟ್ಟಿ, ಮೈಮೇಲೆ ಒಂದು ಚಿಂದಿ ಬಟ್ಟೆ. ಅಲ್ಲಿಯ ನರ್ಸ್ ಅದಕ್ಕೆ "ಪೈಲಟ್ ಮೇಡಂ" ಎಂದು ಹೆಸರಿಟ್ಟಿದ್ದಾಳೆ. ನಾನು ಗಾಜಿನ ಪೆಟ್ಟಿಗೆಯ ತೂತಿನಲ್ಲಿ ಕೈ ತೂರಿಸಿ ಅಂಗಾಲು ಮುಟ್ಟಿದೆ. ಮುಟ್ಟಲು ಭಯ. ಇದನ್ನು ಕೊಲ್ಲಲು ಹೊರಟದ್ದು ಇದೇ ಕೈಯಲ್ಲಿ ಹರಿಯುತ್ತಿರುವುದಲ್ಲವೇ?

ಇವರನ್ನು ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದೆ. "ರೀ, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡಿ. ಕೆಳಗೇ ಲ್ಯಾಬ್ ಇದೆ."

"ನನ್ನ ರಕ್ತ ನಂಗೆ ಗೊತ್ತಿಲ್ವಾ?"

"ಎಲ್ಲಿ ನೋಡ್ಸಿದ್ರಿ? ಯಾವಾಗ?"

"ಈಗ ಅದೆಲ್ಲ ಯಾಕೆ? ಮಗು ಹುಷಾರಾಗ್ಲಿ ಮೊದ್ಲು."

"ಅತ್ತೆ ನನ್ನ ಬಗ್ಗೆ ಏನು ಹೇಳ್ತಿದಾರೆ ಅಂತ ಕೇಳಿಸ್ತಿದೆ ತಾನೇ?"

"ಅಮ್ಮನ ಬಾಯಿ ನಿಂಗೆ ಗೊತ್ತಿಲ್ವಾ. ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಮಾತಾಡುವಷ್ಟು ಹೊತ್ತೂ ಎಡಗೈಯಿಂದ ಬಲಗೈಯ ಬೆರಳುಗಳನ್ನು ಮುಚ್ಚಿಕೊಂಡಿದ್ದರು. ಆಗ ಹೊಳೆಯಿತು. ಇವರಿಗೆ ಸೂಜಿ ಎಂದರೆ ಪ್ರಾಣ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಮೊಳೆ ಚುಚ್ಚಿದಾಗ ಇಂಜೆಕ್ಷನ್ ಕೊಡಿಸಲು ಹೋಗಿ, ಸಿರಿಂಜು ಕಂಡೊಡನೆ ಕಾಂಪೌಂಡರನ ಮೇಲೇ ಬಿದ್ದವರು.

ಮೊದಲ ಬಸಿರು ಹೋದಾಗ ಡಾಕ್ಟರು ಇವರ ಗುಂಪು ಕೇಳಿದ್ದರು. ಇವರು ನನ್ನ ಭುಜದ ಮೇಲೆ ಕೈ ಇಟ್ಟು, "ನಂದೂ ನೆಗೆಟಿವ್ವೇ ಡಾಕ್ಟರೇ, ಅವಳದೂ ನಂದೂ ಒಂದೇ ರಕ್ತ" ಎಂದಿದ್ದರು. ಆ ದಿನ ಅಷ್ಟು ದುಃಖದಲ್ಲೂ ನನಗೆ ಆ ಮಾತು ಎಷ್ಟು ಹಿತವಾಗಿತ್ತು! ಡಾಕ್ಟರು ಅದನ್ನೇ ನಂಬಿದರು. ಪರೀಕ್ಷೆ ಮಾಡಿ ನೋಡೋಣ ಎಂದು ಅವರಾದರೂ ಅನ್ನಬಾರದಿತ್ತೇ?

ಇವರು ಯಾವತ್ತೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಒಂದು ಬೆರಳಿಗೆ ಒಂದು ಸೂಜಿ. ಅದನ್ನು ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು. ಈಗ ನನ್ನ ಮಗುವಿನ ಹಿಮ್ಮಡಿಯಲ್ಲಿ ಸೂಜಿ ಚುಚ್ಚದ ಜಾಗ ಉಳಿದಿಲ್ಲ.

ಮಾರ್ಚ್ 12

ಹಳದಿ ಇಳಿಯುತ್ತಿದೆ. ಹಾಲು ಹಿಂಡಿ ಬಾಟಲಿಯಲ್ಲಿ ಕೊಟ್ಟೆ, ಎಲ್ಲಾ ಕುಡಿಯಿತಂತೆ. "ಪೈಲಟ್ ಮೇಡಂ ಟ್ಯಾಂಕ್ ಫುಲ್" ಎಂದಳು ನರ್ಸ್.

ಅವಳೇ ಇನ್ನೊಂದು ಮಾತೂ ಹೇಳಿದಳು. ಮಗುವಿಗೆ ಹಾಕಿದ ರಕ್ತಕ್ಕೆ ಬದಲಾಗಿ ಮನೆಯವರು ಯಾರಾದರೂ ರಕ್ತ ಕೊಟ್ಟರೆ ಒಳ್ಳೆಯದಂತೆ. ಯಾವ ಗುಂಪಾದರೂ ಸರಿ.

"ಕೊಡೋಕೆ ಮುಂಚೆ ಗುಂಪು ನೋಡ್ತಾರಾ?" ಎಂದು ಕೇಳಿದೆ.

"ನೋಡ್ದೆ ಹೇಗೆ ತಗೋತಾರೆ? ಬೆರಳು ಚುಚ್ಚಿ ಅಲ್ಲೇ ನೋಡ್ತಾರೆ."

ಊಟ ರುಚಿಸಿತು ಇವತ್ತು, ಎಷ್ಟೋ ದಿನದ ಮೇಲೆ.

ಮಾರ್ಚ್ 15, ಭಾನುವಾರ

ಮಗುವನ್ನು ಮನೆಗೆ ತಂದೆವು. ವಾರಕ್ಕೊಮ್ಮೆ ತೋರಿಸಬೇಕಂತೆ. ನನ್ನ ರಕ್ತದ ವಿಷ ಅದರ ಮೈಯಲ್ಲಿ ಇನ್ನೂ ಕೆಲವು ವಾರ ಇರುತ್ತದಂತೆ.

ಮೇಲಿನ ಮಹಡಿಯಲ್ಲಿ ಭಾವನ ಸಂಸಾರ. ಓರಗಿತ್ತಿ ಕೆಳಗೆ ಬಂದು ಬಾಗಿಲಲ್ಲೇ ನಿಂತು, "ಯಾರ ಹಾಗಿದೆ?" ಎಂದಳು. ಎಲ್ಲರೂ ಕೇಳುವ ಪ್ರಶ್ನೆಯೇ. ಆದರೆ ಕೇಳಿ, ತುಟಿ ಕಚ್ಚಿಕೊಂಡಳು. ಅಂದರೆ ಮಹಡಿಗೂ ಸುದ್ದಿ ಏರಿದೆ. ಹಾಲು ಹಾಕುವವನು ಕೂಡ ಇವತ್ತು ಮಗುವನ್ನು ಇಣುಕಿ, ಆಮೇಲೆ ಇವರನ್ನು ನೋಡಿದ.

ದೊಡ್ಡ ಮಿಸ್ಸು ಮಗುವನ್ನು ಮುಟ್ಟಿಲ್ಲ. ದೂರದಿಂದ ನೋಡುತ್ತಾಳೆ. ನೋಡುವ ರೀತಿ ವಿಚಿತ್ರ. ಕೋಪದಲ್ಲಿ ನೋಡಿದ ಹಾಗಿಲ್ಲ, ಹೆದರಿ ನೋಡಿದ ಹಾಗಿದೆ. ಹೆದರಬೇಕಾದದ್ದೇ.

ಬಲೆ ಬೀಸಿದ್ದೇನೆ. ಊಟದ ಹೊತ್ತಿಗೆ ಎಲ್ಲರೂ ಇದ್ದಾಗ, ನೀರು ಬಡಿಸುತ್ತಾ ಹೇಳಿದೆ: "ಬ್ಲಡ್ ಬ್ಯಾಂಕಿನೋರು ನೆಗೆಟಿವ್ ರಕ್ತಕ್ಕೆ ಪರದಾಡ್ತಿದಾರಂತೆ. ಊರಲ್ಲಿ ಹುಡುಕಿದ್ರೂ ಸಿಗಲ್ವಂತೆ. ನಮ್ಮ ಮನೇಲಿ ನೋಡಿದ್ರೆ ಎಲ್ರದೂ ಅದೇ."

ದೊಡ್ಡ ಮಿಸ್ಸಿಗೆ ಹೊಗಳಿಕೆ ಎಂದರೆ ಇಲಿಗೆ ಕೊಬ್ಬರಿ. "ನನ್ನ ಮಕ್ಕಳಿಬ್ರೂ ಬಂದು ಕೊಡ್ತಾರೆ ಅಂತ ಹೇಳು," ಎಂದಳು. "ಮಗು ಯಾರದ್ದೇ ಆಗ್ಲಿ, ಋಣ ಇಟ್ಕೊಳ್ಳೋ ಮನೆತನ ಅಲ್ಲ ನಮ್ಮದು."

ಮಗು ಯಾರದ್ದೇ ಆಗಲಿ! ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಇವರ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು. ನಾನೇ ನೀರು ಕೊಟ್ಟೆ.

ಮಾರ್ಚ್ 24, ಮಂಗಳವಾರ

ಎಲ್ಲವನ್ನೂ ಬರೆಯಬೇಕು. ಒಂದು ಎಳೆಯನ್ನೂ ಬಿಡಬಾರದು.

ಇವರು ಎರಡು ಸಲ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಇವತ್ತು ದೊಡ್ಡ ಮಿಸ್ಸೇ ಎಳೆದುಕೊಂಡು ಬಂದಳು. ಇವರು, ಭಾವ, ಓರಗಿತ್ತಿ, ಅವಳು, ಮಗುವನ್ನು ಎತ್ತಿಕೊಂಡ ನಾನು. ಬ್ಲಡ್ ಬ್ಯಾಂಕಿನ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ, ಗುಂಯ್‌ಗುಡುವ ದೊಡ್ಡ ಫ್ರಿಜ್ಜು, ಆಕಳಿಸುತ್ತಾ ಕೂತ ಒಬ್ಬ ಟೆಕ್ನೀಷಿಯನ್. ಅವನ ಮುಂದೆ ಬಿಳಿ ಹೆಂಚಿನ ಬಿಲ್ಲೆ. ರಕ್ತದ ಹನಿಗೆ ಇನ್ನೊಂದು ಹನಿ ಔಷಧ ಬೆರೆಸಿ ಅಲ್ಲಾಡಿಸುತ್ತಾನೆ. ನುಣ್ಣಗೆ ಉಳಿದರೆ ನೆಗೆಟಿವ್, ಒಡೆದ ಹಾಲಿನಂತೆ ಹರಳು ಹರಳಾದರೆ ಪಾಸಿಟಿವ್. ನಾನೇ ಮೊದಲು ಕೇಳಿ ತಿಳಿದುಕೊಂಡು, ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಪ್ರಕಟಣೆ ನನ್ನ ಕಸುಬು.

ಮೊದಲು ಭಾವ. ಹನಿ ಒಡೆಯಿತು. "ಪಾಸಿಟಿವ್," ಎಂದ ಟೆಕ್ನೀಷಿಯನ್.

"ಸರಿಯಾಗಿ ನೋಡಪ್ಪಾ," ಎಂದಳು ದೊಡ್ಡ ಮಿಸ್ಸು.

"ನೀವೇ ನೋಡಿಮ್ಮ. ಕಣ್ಣಿಗೇ ಕಾಣುತ್ತಲ್ಲ."

ಇವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಹಣೆಯ ಮೇಲೆ ಬೆವರು. "ಅಣ್ಣ ಒಬ್ಬ ಕೊಟ್ರೆ ಸಾಕಲ್ವಾ?"

"ಕೊಡೋ ಕೈನ!" ಎಂದು ದೊಡ್ಡ ಮಿಸ್ಸು ತರಗತಿಯಲ್ಲಿ ಗದರಿಸಿದ ಹಾಗೆ ಗದರಿಸಿ, ತಾನೇ ಮಗನ ಮಣಿಕಟ್ಟು ಹಿಡಿದು ಮೇಜಿನ ಮೇಲಿಟ್ಟಳು. ಚುಚ್ಚಿದರು. ಇವರು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಹನಿ ಒಂದು ಗಳಿಗೆ ಸುಮ್ಮನಿತ್ತು, ಆಮೇಲೆ ಚೂರು ಚೂರಾಯಿತು. ಜನ್ಮದಲ್ಲಿ ನಾನು ಅಷ್ಟು ಚೆಂದದ್ದನ್ನು ಕಂಡಿಲ್ಲ.

"ಇವರದೂ ಪಾಸಿಟಿವ್ವೇ."

ಇವರು ಕುರ್ಚಿಯಲ್ಲಿ ಕುಸಿದು, ನನಗಲ್ಲ, ತಾಯಿಗೆ ಹೇಳಿದರು: "ನಾನು ಯಾವತ್ತೂ ಟೆಸ್ಟ್ ಮಾಡಿಸ್ಕೊಂಡಿಲ್ಲಮ್ಮ. ನಿಂದೂ ಅಪ್ಪಂದೂ ನೆಗೆಟಿವ್ ಅಂತ ನೀನೇ ಅಂತಿದ್ದೆ. ನಂದೂ ಅದೇ ಇರುತ್ತೆ ಅಂದ್ಕೊಂಡೆ."

"ಅಯ್ಯೋ, ಹಾಗಾದ್ರೆ ಅತ್ತೆ..." ಎಂದು ಓರಗಿತ್ತಿ ಶುರು ಮಾಡಿ, ಭಾವನ ಮುಖ ನೋಡಿ ನುಂಗಿಕೊಂಡಳು.

ನನಗೂ ಆ ಕ್ಷಣದಲ್ಲೇ ಹೊಳೆದದ್ದು. ತಾನೂ ನೆಗೆಟಿವ್, ಗಂಡನೂ ನೆಗೆಟಿವ್ ಎಂದು ಮೂರು ಹೊತ್ತೂ ಸಾರಿದವಳು ಇವಳು. ಇಬ್ಬರು ನೆಗೆಟಿವ್‌ಗೆ ಪಾಸಿಟಿವ್ ಹುಟ್ಟುವುದಿಲ್ಲ ಎಂದು ನನ್ನನ್ನು ಸುಟ್ಟವಳು ಇವಳು. ಈಗ ಇವಳ ಇಬ್ಬರು ಮಕ್ಕಳೂ ಪಾಸಿಟಿವ್! ಅವಳು ನನಗೆ ಕೇಳಿದ ಪ್ರಶ್ನೆಯನ್ನು ಹಾಗೇ ತಿರುಗಿಸಿದರೆ ಸಾಕು: ಮತ್ತೆ ಇವರು ಎಲ್ಲಿಂದ ಬಂದರು ಅತ್ತೆ?

ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಕರುಣೆಯಿಂದ ಅಲ್ಲ. ಅಲ್ಲಿದ್ದ ಜನ ಸಾಲದು. ಭಾನುವಾರ ಮಗು ನೋಡಲು ನೆಂಟರೆಲ್ಲ ಬರುತ್ತಾರೆ. ನನ್ನ ಮಾನ ಯಾರ್ಯಾರ ಮನೆಯಲ್ಲಿ ಹೋಗಿದೆಯೋ ಅವರೆಲ್ಲರ ಮುಂದೆ ಕೇಳುತ್ತೇನೆ. ಎರಡು ಸಲ ಕೇಳುತ್ತೇನೆ.

ಅವಳು ಅಲ್ಲಿಂದ ಮನೆಯವರೆಗೂ ಬಿಸಿಲಲ್ಲಿ ಛತ್ರಿ ಬಿಚ್ಚದೆ ನಡೆದಳು.

ಮಾರ್ಚ್ 27

ದೊಡ್ಡ ಮಿಸ್ಸು ಕೋಣೆಯಿಂದ ಹೊರಗೆ ಬರುತ್ತಿಲ್ಲ. ಬರಲಿ, ಬಿಡಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಇವರು ನನ್ನ ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ. ಬಟ್ಟೆ ಮಡಚುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಆದದ್ದಾಯ್ತು ಬಿಡು. ಭಾನುವಾರ ಯಾರ ಮುಂದೂ ಇದನ್ನ ಎತ್ತಬೇಡ. ನಂಗೆ ಅವಮಾನ ಆಗುತ್ತೆ" ಎಂದರು.

"ನಿಮ್ಗಾ?"

"ಅಂಗಡಿಗೆ ಹತ್ತು ಜನ ಬರ್ತಾರೆ. ಸೂಜಿಗೆ ಹೆದರಿದ ಅಂತ ನಗ್ತಾರೆ."

"ನಿಮ್ಮಮ್ಮ ನನ್ನನ್ನ ಅಷ್ಟು ಮಾತಾಡ್ತಿದ್ರಲ್ಲ, ನೀವು ಪರೀಕ್ಷೆ ಮಾಡ್ಸಿಲ್ಲ ಅಂತ ನಿಮಗೊಬ್ರಿಗೆ ಗೊತ್ತಿತ್ತು. ಯಾಕೆ ಬಾಯಿ ಬಿಡ್ಲಿಲ್ಲ?"

"ಅದನ್ನೆಲ್ಲ ಹೇಳಿದ್ದು ಅಮ್ಮ. ನಾನೇನಾದ್ರೂ ಒಂದು ಮಾತು ಅಂದ್ನಾ?"

ಅಂದಿಲ್ಲ. ಅದೇ. ಅವಳಿಗೆ ತಿಳಿದಿರಲಿಲ್ಲ, ಅಂದಳು. ಇವನಿಗೆ ತಿಳಿದಿತ್ತು, ಸುಮ್ಮನೆ ಕೂತ. ತನ್ನ ಬೆರಳು ಉಳಿಸಿಕೊಳ್ಳಲು ಹೆಂಡತಿಯನ್ನೂ ಮಗುವನ್ನೂ ಮುಂದಕ್ಕೆ ತಳ್ಳಿದ.

ಹಾಸಿಗೆ ಬೇರೆ ಹಾಕಿಕೊಂಡಿದ್ದೇನೆ.

ಮಾರ್ಚ್ 29, ಭಾನುವಾರ

ಬೆಳಗ್ಗೆ ಮಗುವಿಗೆ ಹಾಲು ಕೊಡುತ್ತಿದ್ದೆ. ಕುಡಿಯುತ್ತದೆ, ನಿಲ್ಲಿಸುತ್ತದೆ, ಮತ್ತೆ ಕುಡಿಯುತ್ತದೆ, ನಿದ್ದೆ ಹೋಗುತ್ತದೆ. ಹಳದಿ ಪೂರ್ತಿ ಹೋಗಿ ಬೆಳ್ಳಗೆ ಮುದ್ದಾಗಿ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ಮಧ್ಯಾಹ್ನದ ಪ್ರಶ್ನೆಯನ್ನು ಅಭ್ಯಾಸ ಮಾಡುತ್ತಿದ್ದೆ. ಎಲ್ಲಿ ನಿಲ್ಲಬೇಕು, ಯಾವ ಪದದ ಮೇಲೆ ಒತ್ತು.

ದೊಡ್ಡ ಮಿಸ್ಸು ಕೋಣೆಯ ಬಾಗಿಲು ತೆಗೆದು ಹೊರಗೆ ಬಂದಳು. ನಮ್ಮನ್ನು ದಾಟಿ ಹೋಗುತ್ತಿದ್ದವಳು ನಿಂತಳು. ಬಗ್ಗಿದಳು. ಮೊದಲ ಸಲ ಮಗುವನ್ನು ಮುಟ್ಟಿದಳು. ಅಂಗೈ ಬಿಡಿಸಿ ನೋಡಿದಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಏಳು," ಎಂದಳು. "ಆಸ್ಪತ್ರೆಗೆ ನಡಿ. ಈಗ್ಲೇ."

"ಮಗು ಚೆನ್ನಾಗೇ ಇದ್ಯಲ್ಲ. ಇವತ್ತು ನೆಂಟರು..."

"ನೆಂಟರು ಹಾಳಾಗ್ ಹೋಗ್ಲಿ! ಇದು ಬಿಳುಪಲ್ಲ ಕಣೇ, ರಕ್ತ ಇಲ್ಲ ಇದಕ್ಕೆ. ಏಳು!"

ಆಟೋದಲ್ಲಿ ಅವಳೇ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದಳು. ಮಕ್ಕಳ ಡಾಕ್ಟರು ನೋಡಿದವರೇ ಒಳಗೆ ಓಡಿದರು. ನನ್ನ ರಕ್ತದ ಹಗೆ ಇನ್ನೂ ಮುಗಿದಿರಲಿಲ್ಲವಂತೆ, ಒಳಗೊಳಗೇ ಒಡೆಯುತ್ತಲೇ ಇತ್ತಂತೆ. ಇನ್ನೆರಡು ದಿನ ತಡವಾಗಿದ್ದರೆ ಹೃದಯ ಸೋಲುತ್ತಿತ್ತಂತೆ. ರಕ್ತ ಹಾಕಿದರು.

ಮತ್ತೆ ಅದೇ ಕಬ್ಬಿಣದ ಕುರ್ಚಿಗಳು. ನಾವಿಬ್ಬರೇ, ಇವರು ಬೆಳಗ್ಗೆಯೇ ಅಂಗಡಿಗೆ ಹೋಗಿದ್ದರು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

ಅವರು ಗೋಡೆಗೆ ಹೇಳುವ ಹಾಗೆ ಹೇಳಿದರು.

"ನೋಡಿದ್ದೀನಿ. ನಿನ್ನ ಗಂಡನ ಮೇಲೆ ಇನ್ನೆರಡು ಹುಟ್ಟಿದ್ವು. ಮೊದಲನೇದು ಹೀಗೇ. ಎಲ್ರೂ ಎಷ್ಟು ಬೆಳ್ಳಗಿದೆ ಅಂತ ಮುದ್ದು ಮಾಡ್ತಿದ್ರು. ತಿಂಗಳು ತುಂಬೋಕೆ ಮುಂಚೆ ಹಾಲು ಕುಡೀತಾ ಕುಡೀತಾ ಹೋಗ್ಬಿಡ್ತು. ಅದರ ಮೇಲಿಂದು ಹಳದಿ. ನಿನ್ನ ಮಗೂಗಿಂತ ಹಳದಿ. ಮೂರು ದಿನ ಕೂಗ್ತು. ಆ ಕೂಗು... ಬೇಡ."

"ಡಾಕ್ಟರು ಏನಂದ್ರು?"

"ರಕ್ತ ಕೂಡಿಲ್ಲ ಅಂದ್ರು. ನಂದು ನೆಗೆಟಿವ್ವು, ಯಜಮಾನ್ರದು ನೋಡ್ಬೇಕು ಅಂದ್ರು. ನಮ್ಮ ಯಜಮಾನ್ರು ಎದ್ದು ನಿಂತು, 'ನಂದೂ ಅದೇ. ತಪ್ಪು ನನ್ನ ಕಡೆಯಿಂದ ಅಲ್ಲ' ಅಂದ್ರು. ನಾನು ನಂಬ್ದೆ. ಗಂಡ ಹೇಳಿದ್ದಲ್ವಾ. ನನ್ನ ಹೊಟ್ಟೇಲೇ ಏನೋ ವಿಷ ಇದೆ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡು ಬದುಕ್ದೆ. ಮೊನ್ನೆ ಆ ಬಿಲ್ಲೆ ಮೇಲೆ ಮಕ್ಕಳ ರಕ್ತ ಒಡೆದಾಗ ಗೊತ್ತಾಯ್ತು, ಅವರೂ ಸುಳ್ಳು ಹೇಳಿದ್ರು ಅಂತ."

ಅಷ್ಟೆ. ತೀರಿಹೋದ ಮಾವನೂ ಪಾಸಿಟಿವ್ವೇ ಇದ್ದದ್ದು. ಅವರೂ ನೋಡಿಸಿಕೊಂಡಿರಲಿಲ್ಲ. ಅಪ್ಪ ಆಡಿದ ಸುಳ್ಳನ್ನು ಮಗ ಇಸ್ತ್ರಿ ಮಾಡಿ ಮತ್ತೆ ಹಾಕಿಕೊಂಡಿದ್ದಾನೆ.

ನೆಂಟರು ಬಂದು, ಕೆಳಗಿನ ಬಾಗಿಲಿಗೆ ಬೀಗ ನೋಡಿ, ವಾಪಸ್ಸು ಹೋದರಂತೆ.

ಮಾರ್ಚ್ 30

ಮಗು ಕೆಂಪಗಾಗಿದೆ. ಗಟ್ಟಿಯಾಗಿ ಅಳುತ್ತದೆ.

ನನಗೆ ಮಾತ್ರ ಮೈಯೆಲ್ಲ ಉರಿ. ಎಷ್ಟು ದಿನದಿಂದ ಮಸೆದು ಮಸೆದು ಇಟ್ಟುಕೊಂಡಿದ್ದ ಕತ್ತಿ! ಬೀಸಬೇಕು ಎನ್ನುವ ಹೊತ್ತಿಗೆ ಆ ಎರಡು ಕೂಸುಗಳನ್ನು ತಂದು ಅಡ್ಡ ಇಟ್ಟಳು ಮುದುಕಿ. ಈಗ ಹೇಗೆ ಕೇಳಲಿ, ಮಕ್ಕಳು ಎಲ್ಲಿಂದ ಬಂದರು ಎಂದು? ನೋವು ಉಂಡವಳು ಅದೇ ನೋವನ್ನು ನನಗೆ ಹೇಗೆ ಬಡಿಸಿದಳು? ಇನ್ನೂ ಕೋಪ ಬರಬೇಕು. ಬರುತ್ತದೆ. ಅವಳನ್ನು ಬಿಟ್ಟಿಲ್ಲ ನಾನು. ಮಗು ಮನೆಗೆ ಬರಲಿ, ಕೇಳಿಯೇ ಕೇಳುತ್ತೇನೆ.

ಏಪ್ರಿಲ್ 5

ಮಗು ಮನೆಗೆ ಬಂತು, ಆದರೂ ಕೇಳಲಿಲ್ಲ. ಅತ್ತೆ ಮನೆಯಲ್ಲಿರಲಿಲ್ಲ. ಛತ್ರಿ ಹಿಡಿದು ಬೆಳಗ್ಗೆಯೇ ಹೊರಟಿದ್ದರು. ನನ್ನ ಬಗ್ಗೆ ಯಾರ್ಯಾರ ಮನೆಯಲ್ಲಿ ಆಡಿದ್ದರೋ ಅಲ್ಲೆಲ್ಲ ಹೋಗಿ, "ನಾನು ಹೇಳಿದ್ದು ತಪ್ಪು, ನನ್ನ ಮಗಂದೇ ತಪ್ಪು, ಕಿವಿ ಕೊಟ್ಟು ಕೇಳಿ" ಎಂದು ಹೇಳಿ ಬಂದರಂತೆ. ಒಂದು ಮನೆಯಲ್ಲಿ ಟಿವಿ ಜೋರಾಗಿತ್ತು ಎಂದು ಅದನ್ನು ಆರಿಸಿ ಮತ್ತೊಂದು ಸಲ ಹೇಳಿದರಂತೆ. ಓರಗಿತ್ತಿ ನಗುತ್ತಾ ಹೇಳಿದಳು. ಬಸ್ ನಿಲ್ದಾಣಕ್ಕೂ ಹೋಗಿ ಕಂಟ್ರೋಲರಿಗೂ ಹೇಳಿದರಂತೆ. ಅವರಿಗೆ ಕೇಳಿಸದೆ, "ಎಷ್ಟು ಟಿಕೆಟ್ ಬೇಕು?" ಎಂದರಂತೆ.

ನಾಟಕ. ಊರಿನ ಬಾಯಿ ಮುಚ್ಚಿಸುವುದಕ್ಕೆ. ನನ್ನ ಮುಂದೆ ಮಾತ್ರ ಒಂದು ಮಾತಿಲ್ಲ. ಬಿಸಿಲಲ್ಲಿ ಸುತ್ತಿ ಬಂದು ಪಾದದಲ್ಲಿ ಬೊಬ್ಬೆ. ಎಣ್ಣೆ ಹಚ್ಚಿಕೊಟ್ಟೆ, ಇಲ್ಲದಿದ್ದರೆ ನಾಳೆ ಮಗುವನ್ನು ಹಿಡಿದುಕೊಳ್ಳುವವರು ಯಾರು?

ಏಪ್ರಿಲ್ 12, ಭಾನುವಾರ

ಮನೆ ಬಿಟ್ಟೆ.

ನಿಲ್ದಾಣದ ಎದುರು, ಸ್ಟೇಷನರಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ನನ್ನ ಸಂಬಳಕ್ಕೆ ಸಾಕು. ಅವನು ಬಾಗಿಲಿಗೆ ಅಡ್ಡ ನಿಂತು, "ಒಂದು ಸಣ್ಣ ವಿಷಯಕ್ಕೆ ಸಂಸಾರ ಮುರೀತೀಯಾ?" ಎಂದ.

"ಸಣ್ಣದೇ. ಸೂಜಿ ಮೊನೆಯಷ್ಟು," ಎಂದೆ. "ಅದನ್ನೇ ಸಹಿಸೋಕಾಗ್ಲಿಲ್ಲ ನಿಂಗೆ."

"ಮಗು ನಂದೂ ಹೌದು."

"ಅದನ್ನ ಮಾರ್ಚ್ ನಾಲ್ಕನೇ ತಾರೀಕು ಹೇಳ್ಬೇಕಿತ್ತು. ನಿಮ್ಮಮ್ಮನ ಮುಂದೆ. ಆ ಕುರ್ಚಿ ನೋಡ್ತಾ ಕೂತಿದ್ಯಲ್ಲ, ಆಗ."

ಅವನು ದಾರಿ ಬಿಟ್ಟ. ಆಟೋ ಹತ್ತಿದೆ. ಬೀದಿಯ ತಿರುವಿನಲ್ಲಿ ಹಿಂದಿನಿಂದ "ನಿಲ್ಸೋ! ನಿಲ್ಸು!" ಎಂದು ಶಾಲೆಯ ಗಂಟೆಯಂತೆ ಕೂಗು. ಅತ್ತೆ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಛತ್ರಿ. ಹತ್ತಿ ಕೂತರು.

"ನೀವೆಲ್ಲಿಗೆ?"

"ಸತ್ತವರ ಮೇಲೆ ಸೇಡು ತೀರಿಸ್ಕೊಳ್ಳೋಕಾಗಲ್ಲ," ಎಂದರು. "ಜರುಗು ಆ ಕಡೆ. ಮಗು ಕೊಡು."

ಜೂನ್ 8, ಸೋಮವಾರ

ರಜೆ ಮುಗಿಯಿತು, ಕೆಲಸಕ್ಕೆ ಹೋದೆ. ಮೈಕಿನ ಸ್ಪಂಜಿನಲ್ಲಿ ಯಾರದೋ ನಶ್ಯದ ವಾಸನೆ. ಗಂಟಲು ಮೊದಲು ಕೈ ಕೊಟ್ಟಿತು, ಆಮೇಲೆ ಹತೋಟಿಗೆ ಬಂತು. ಕ್ಯಾಬಿನ್ನಿನ ಗಾಜಿನಿಂದ ನಮ್ಮ ಕಿಟಕಿ ಕಾಣುತ್ತದೆ. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿ ನಿಂತಿದ್ದರು. ನಾನು ಪ್ರತಿ ಸಲ "ಪ್ರಯಾಣಿಕರ ಗಮನಕ್ಕೆ" ಎಂದಾಗಲೂ ಮಗು ತಲೆ ಎತ್ತಿ ಸುತ್ತ ಹುಡುಕುತ್ತದಂತೆ.

ಜೂನ್ 14, ಭಾನುವಾರ

ಇವತ್ತು ಅವನು ಬಂದಿದ್ದ. ಅಂಗಿ ಮುದುರಿತ್ತು, ಕೆನ್ನೆ ಒಳಗೆ ಹೋಗಿತ್ತು. ಕಂಡು ನನಗೆ ಎಷ್ಟು ಖುಷಿಯಾಯಿತು ಎಂದರೆ ಬರೆಯಲು ನಾಚಿಕೆ. ಬರೆದೇ ಬರೆಯುತ್ತೇನೆ. ಬಹಳ ಖುಷಿಯಾಯಿತು.

ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನಿಂತಿದ್ದ ತಾಯಿಗೆ, "ಮನೆಗೆ ಬಾಮ್ಮ. ಮನೆ ಬಿಕೋ ಅಂತಿದೆ. ಅತ್ತಿಗೆ ಅಡುಗೆ ನಂಗೆ ಸೇರಲ್ಲ" ಎಂದ.

ಅತ್ತೆ ಮುಂದೆ ಬಂದರು. ತರಗತಿಯಲ್ಲಿ ಕೊನೆಯ ಬೆಂಚಿನವನನ್ನು ನೋಡಿದ ಹಾಗೆ ನೋಡಿದರು.

"ಆಸ್ಪತ್ರೆಯಲ್ಲಿ ಆವತ್ತು ನಾನು ಇವಳನ್ನ ಕೇಳಬಾರದ್ದು ಕೇಳ್ದೆ. ತಪ್ಪು ನಂದು. ಇವಳ ಮುಂದೇನೇ ಹೇಳ್ತಿದ್ದೀನಿ. ಆದ್ರೆ ನಂಗೆ ಗೊತ್ತಿಲ್ದೆ ಕೇಳ್ದೆ. ನಿಂಗೆ ಗೊತ್ತಿತ್ತು. ನಿಮ್ಮಪ್ಪನಿಗೂ ಗೊತ್ತಿತ್ತು. ಅವರಿಗೆ ಹೇಳೋಕೆ ಆಗದೇ ಇದ್ದಿದ್ದನ್ನ ನಿಂಗೆ ಹೇಳ್ತೀನಿ, ಕೇಳಿಸ್ಕೋ. ನಾನು ಬರಲ್ಲ."

"ಅಮ್ಮಾ..."

"ಮಗು ನೋಡ್ಬೇಕಾದ್ರೆ ಬಾ, ನೋಡ್ಕೊಂಡು ಹೋಗು. ನಾನು ಮಾತ್ರ ಬರಲ್ಲ." ಬಾಗಿಲು ಹಾಕಿದರು. ಮೆಟ್ಟಿಲ ಮೇಲೆ ಹೆಜ್ಜೆಗಳು ಒಂದೊಂದಾಗಿ ಇಳಿದವು.

ಸೇಡು ಎಂದರೆ ಇದು. ನನ್ನಿಂದ ಅವನು ಏನೇನು ಕಿತ್ತುಕೊಂಡನೋ, ಅದಕ್ಕೆ ಬದಲಾಗಿ ಅವನ ತಾಯಿಯನ್ನೇ ಕಿತ್ತುಕೊಂಡೆ. ಅವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಇನ್ನು ಅತ್ತೆಯ ಸರದಿ. ಅವರನ್ನೂ ಸುಮ್ಮನೆ ಬಿಡುತ್ತೇನೆ ಎಂದು ಯಾರೂ ತಿಳಿಯಬಾರದು. ಸಮಯ ನೋಡುತ್ತಿದ್ದೇನೆ, ಅಷ್ಟೆ. ಈ ವಾರ ಆಗುವುದಿಲ್ಲ, ಅವರಿಗೆ ಕೆಮ್ಮು. ಔಷಧಿ ತರಲು ಹೇಳಿದರೆ ಬೇಡ ಎನ್ನುತ್ತಾರೆ, ಹಠಮಾರಿ. ನಾಳೆ ಕೆಲಸದಿಂದ ಬರುತ್ತಾ ನಾನೇ ತರಬೇಕು.

ಅಡುಗೆಮನೆಯಿಂದ ಕೂಗುತ್ತಿದ್ದಾರೆ. "ಅದೇನು ಬರೀತೀಯೋ ಯಾವಾಗ್ಲೂ. ಬಂದು ಎರಡು ತುತ್ತು ತಿನ್ನು ಬಾ. ಮಗು ಎದ್ಮೇಲೆ ನಿಂಗೆಲ್ಲಿ ಬಿಡುವು?"

ಹೋಗಬೇಕು. ಹೋಗದಿದ್ದರೆ ತಾವೂ ತಿನ್ನದೆ ಕೂತಿರುತ್ತಾರೆ.